ಚೆಂಡುಹೂವಿನ ಹೋಟೆಲಿನಲ್ಲಿ ವಾನಪ್ರಸ್ಥ

ಐವತ್ತು ದಾಟಿದ ಹೆಂಗಸರು ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಮಂಡಿನೋವಿನಿಂದ ಆರಂಭವಾಗಿ, ಮಕ್ಕಳ ಮದುವೆಯ ಮೇಲೆ ಹಾಯ್ದು, ಕೊನೆಗೆ "ರಿಟೈರಾದ ಮೇಲೆ ಎಲ್ಲಿರುವುದು?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಶಾಲೆಯ ಸ್ಟಾಫ್ ರೂಮೂ ಇದಕ್ಕೆ ಹೊರತಲ್ಲ. ಒಬ್ಬರಿಗೆ ಮೈಸೂರು ಬೇಕು, ಇನ್ನೊಬ್ಬರಿಗೆ ತೌರೂರು. ಮಗ ಅಮೆರಿಕದಲ್ಲಿರುವವರಿಗೆ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಗುರುತು ಪರಿಚಯವಿಲ್ಲದ ಪರದೇಶಕ್ಕೆ ಒಬ್ಬರೇ ಹೋಗಿ, ಅಲ್ಲಿ ಕಡಿಮೆ ಖರ್ಚಿನಲ್ಲಿ ನೆಮ್ಮದಿಯಾಗಿ ಮುಪ್ಪು ಕಳೆಯುವ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಪಶ್ಚಿಮದವರಿಗೆ ಇದು ಹೊಸ ಮಾತಲ್ಲ. ಬ್ರಿಟನ್ನಿನ ನಿವೃತ್ತರು ಸ್ಪೇನಿಗೆ, ಪೋರ್ಚುಗಲ್ಲಿಗೆ ಹೋಗಿ ನೆಲೆಸುತ್ತಾರೆ. ಅಮೆರಿಕದವರು ಮೆಕ್ಸಿಕೋಗೆ, ಕೋಸ್ಟರಿಕಾಗೆ ಹೋಗುತ್ತಾರೆ. ಕೋಸ್ಟರಿಕಾ 1948ರಲ್ಲಿ ತನ್ನ ಸೇನೆಯನ್ನೇ ರದ್ದುಮಾಡಿದ ಪುಟ್ಟ ದೇಶ; ತಿಂಗಳಿಗೆ ಸಾವಿರ ಡಾಲರ್ ಪಿಂಚಣಿ ಜೀವನಪರ್ಯಂತ ಬರುತ್ತದೆಂದು ತೋರಿಸಿದವರಿಗೆ ಅದು ಬಾಗಿಲು ತೆರೆಯುತ್ತದೆ. ಥಾಯ್ಲೆಂಡಿನಲ್ಲಿ ಐವತ್ತು ತುಂಬಿರಬೇಕು, ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ಇರಬೇಕು. ಮುಪ್ಪಿಗೂ ಒಂದು ಮಾರುಕಟ್ಟೆ ಇದೆ ಎಂದಾಯಿತು. ಆ ಮಾರುಕಟ್ಟೆಯಲ್ಲಿ ನಮ್ಮ ದೇಶವನ್ನೇ ಇಟ್ಟು ನೋಡಿದ ಒಂದು ಕಾದಂಬರಿ, ಅದರಿಂದ ಹುಟ್ಟಿದ ಒಂದು ಸಿನಿಮಾ ಇವೆ. ಎರಡರ ಬಗ್ಗೆಯೂ ನಮ್ಮಂಥ ಹೆಂಗಸರು ಒಂದಿಷ್ಟು ಮಾತಾಡಿಕೊಳ್ಳುವುದು ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ.

ಕಾದಂಬರಿ ಡೆಬೊರಾ ಮೊಗಾಕ್ ಎಂಬ ಇಂಗ್ಲಿಷ್ ಲೇಖಕಿಯ 'ದೀಸ್ ಫೂಲಿಷ್ ಥಿಂಗ್ಸ್', ಪ್ರಕಟವಾದದ್ದು 2004ರಲ್ಲಿ. ಸಿನಿಮಾ 2011ರದು, ಹೆಸರು 'ದಿ ಬೆಸ್ಟ್ ಎಕ್ಸಾಟಿಕ್ ಮ್ಯಾರಿಗೋಲ್ಡ್ ಹೋಟೆಲ್', ನಿರ್ದೇಶಕ ಜಾನ್ ಮ್ಯಾಡನ್. ಮ್ಯಾರಿಗೋಲ್ಡ್ ಎಂದರೆ ನಮ್ಮ ಚೆಂಡುಹೂವು.

ಕಾದಂಬರಿಯ ಬೀಜ ಬಲು ಮೋಜಿನದು. ಲಂಡನ್ನಿನಲ್ಲಿ ರವಿ ಕಪೂರ್ ಎಂಬ ಭಾರತೀಯ ಡಾಕ್ಟರು. ಅವನ ಮನೆಯಲ್ಲಿ ಬಂದು ಕೂತಿರುವ ಮಾವ ನಾರ್ಮನ್, ಯಾವ ವೃದ್ಧಾಶ್ರಮದಲ್ಲೂ ನಿಲ್ಲದ ಪೋಲಿ ಮುದುಕ. ಈ ಮಾವನನ್ನು ಎಲ್ಲಿಗಾದರೂ ಸಾಗಹಾಕಬೇಕೆಂಬ ತಹತಹದಲ್ಲೇ ಉಪಾಯ ಹೊಳೆಯುತ್ತದೆ. ದಾಯಾದಿ ತಮ್ಮ ಸನ್ನಿಯ ಜೊತೆ ಸೇರಿ ಇಂಗ್ಲಿಷ್ ವೃದ್ಧರಿಗಾಗಿ ಭಾರತದಲ್ಲಿ ಒಂದು ನಿವೃತ್ತಿಧಾಮ ತೆರೆಯುವುದು! ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ.

ಈ ಆಯ್ಕೆ ಸುಮ್ಮನೆ ಆದದ್ದೆಂದು ನನಗೆ ಅನ್ನಿಸುವುದಿಲ್ಲ. ಬೆಂಗಳೂರನ್ನು 'ಪಿಂಚಣಿದಾರರ ಸ್ವರ್ಗ' ಎಂದು ಕರೆಯುತ್ತಿದ್ದ ಕಾಲವನ್ನು ನಮ್ಮ ತಲೆಮಾರು ಬಲ್ಲದು. ದಂಡು ಪ್ರದೇಶದ ಬಂಗಲೆಗಳು, ತಂಪು ಹವೆ, ಹೂತೋಟ, ಸಂಜೆಯ ತಿರುಗಾಟ. ಆಂಗ್ಲೋ-ಇಂಡಿಯನ್ನರು ನೆಲೆ ನಿಲ್ಲಲೆಂದು ಮೈಸೂರಿನ ಮಹಾರಾಜರು ನೀಡಿದ ಭೂಮಿಯಲ್ಲಿ 1882ರಲ್ಲಿ ವೈಟ್‌ಫೀಲ್ಡ್ ಹುಟ್ಟಿತು. ಇಂದು ಅಲ್ಲಿ ಬಾಡಿಗೆ ಕೊಡಲು ಪಿಂಚಣಿಯಲ್ಲ, ಕಂಪ್ಯೂಟರ್ ಕಂಪನಿಯ ಸಂಬಳ ಬೇಕು. ಒಂದು ಕಾಲದ ನಿವೃತ್ತರ ಊರು ದುಡಿಯುವ ಹರೆಯದವರ ಊರಾದ ಹೊತ್ತಿಗೆ ಸರಿಯಾಗಿ ಮೊಗಾಕ್ ತಮ್ಮ ಅಜ್ಜಿಯರನ್ನು ಅಲ್ಲಿಗೆ ಕರೆತಂದರು. ಎರಡು ಕಾಲಗಳು ಒಂದೇ ಬೀದಿಯಲ್ಲಿ ಮುಖಾಮುಖಿಯಾಗುವ ಈ ಸೊಗಸು ಸಿನಿಮಾದಲ್ಲಿ ಇಲ್ಲ. ಅಲ್ಲಿ ಕಥೆ ಜೈಪುರಕ್ಕೆ ಹೋಗಿದೆ; ಹೋಟೆಲಿನ ಚಿತ್ರೀಕರಣ ನಡೆದದ್ದು ಉದಯಪುರದ ಬಳಿಯ ಖೇಮ್‌ಪುರದ ಹಳೆಯ ಹವೇಲಿಯಲ್ಲಿ. ಬಣ್ಣ, ಒಂಟೆ, ಕಮಾನು ಎಲ್ಲವೂ ಕಣ್ಣಿಗೆ ಹಬ್ಬವೇ. ಆದರೆ ಬೆಂಗಳೂರಿನಲ್ಲಾದರೆ ಅದು ಊರು, ಇಲ್ಲಿ ಅದು ಪೋಸ್ಟ್ ಕಾರ್ಡು.

ಸಿನಿಮಾದ ಕಥೆ ಹೇಳಿಬಿಡುತ್ತೇನೆ. ಎವೆಲಿನ್ (ಜೂಡಿ ಡೆಂಚ್) ಗಂಡ ಸತ್ತ ಮೇಲೆ ಅವನ ಸಾಲ ತೀರಿಸಲು ಮನೆ ಮಾರಿದವಳು. ಮನೆಯ ವ್ಯವಹಾರವನ್ನೆಲ್ಲ ಗಂಡನಿಗೇ ಬಿಟ್ಟು ನಲವತ್ತು ವರ್ಷ ಬಾಳಿದವರ ಪಾಡು ಏನೆಂದು ಅವಳನ್ನು ನೋಡಿ ತಿಳಿಯಬೇಕು. ನಮ್ಮಲ್ಲಿ ಎಷ್ಟು ಮಂದಿಗೆ ಯಜಮಾನರ ವಿಮೆ ಕಾಗದ ಎಲ್ಲಿದೆ ಎಂದು ಗೊತ್ತಿದೆ ಹೇಳಿ! ಡಗ್ಲಸ್ ಮತ್ತು ಜೀನ್ ದಂಪತಿ ನಿವೃತ್ತಿಯ ಹಣವನ್ನು ಮಗಳ ಕಂಪನಿಗೆ ಸುರಿದು ಬರಿಗೈಯಾದವರು. ಮ್ಯೂರಿಯಲ್ (ಮ್ಯಾಗಿ ಸ್ಮಿತ್) ಸೊಂಟದ ಕೀಲು ಬದಲಿಸಿಕೊಳ್ಳಬೇಕು. ತನ್ನ ದೇಶದಲ್ಲಿ ಸರತಿಗೆ ತಿಂಗಳುಗಟ್ಟಲೆ ಕಾಯಬೇಕೆಂದು ಇಲ್ಲಿಗೆ ಬಂದವಳು. ಭಾರತೀಯರನ್ನು ಕಂಡರಾಗದ ಈ ಹೆಂಗಸು ಪೆಟ್ಟಿಗೆ ತುಂಬ ತನ್ನೂರಿನ ತಿಂಡಿ ಹೊತ್ತು ತಂದಿದ್ದಾಳೆ. ಬಾಲ್ಯವನ್ನು ಜೈಪುರದಲ್ಲೇ ಕಳೆದ ನಿವೃತ್ತ ನ್ಯಾಯಾಧೀಶ ಗ್ರಹಾಂ, ಸಂಗಾತಿಗಾಗಿ ಹುಡುಕುವ ಇನ್ನಿಬ್ಬರು, ಹೀಗೆ ಏಳು ಮಂದಿ. ಜಾಹೀರಾತಿನ ಅರಮನೆಯನ್ನು ನಂಬಿ ಬಂದರೆ ಸಿಕ್ಕಿದ್ದು ಪಾಳುಬಿದ್ದ ಹೋಟೆಲು, ಮತ್ತು ಮಾತಿನಲ್ಲೇ ಅರಮನೆ ಕಟ್ಟುವ ಹುಡುಗ ಸನ್ನಿ (ದೇವ್ ಪಟೇಲ್).

ಮೊದಲು ಒಳ್ಳೆಯದನ್ನು ಹೇಳಬೇಕು. ಮುದುಕಿಯರನ್ನು ಮಧ್ಯದಲ್ಲಿಟ್ಟು ಕಥೆ ಹೇಳುವವರೇ ಕಡಿಮೆ. ನಮ್ಮ ಸಿನಿಮಾಗಳಲ್ಲಿ ಅಜ್ಜಿಯೆಂದರೆ ಹರಸುವವಳು, ಇಲ್ಲವೇ ಸಾಯುವವಳು. ಇಲ್ಲಿನ ಅಜ್ಜಿಯರು ಸಿಡುಕುತ್ತಾರೆ, ಆಸೆಪಡುತ್ತಾರೆ, ಲೆಕ್ಕ ಹಾಕುತ್ತಾರೆ. ಎರಡನೆಯದಾಗಿ, ಅಗ್ಗದ ಬದುಕು ಅವರನ್ನು ಇಲ್ಲಿಗೆ ಎಳೆದು ತಂದದ್ದು ನಿಜ, ಆದರೆ ಅವರನ್ನು ಬದುಕಿಸಿದ್ದು ಅದಲ್ಲ ಎಂಬುದನ್ನು ಸಿನಿಮಾ ಚೆನ್ನಾಗಿ ಕಂಡುಕೊಂಡಿದೆ. ಎವೆಲಿನ್ ಒಂದು ಕಾಲ್ ಸೆಂಟರಿನಲ್ಲಿ ಕೆಲಸ ಹಿಡಿಯುತ್ತಾಳೆ, ದೂರದ ಇಂಗ್ಲೆಂಡಿನ ಮುದುಕರ ಜೊತೆ ಹೇಗೆ ಮಾತಾಡಬೇಕೆಂದು ಹುಡುಗ ಹುಡುಗಿಯರಿಗೆ ಹೇಳಿಕೊಡುತ್ತಾಳೆ. ಜೀವಮಾನದಲ್ಲಿ ಅವಳು ಎಣಿಸಿಕೊಂಡ ಮೊದಲ ಸಂಬಳ! ಮ್ಯೂರಿಯಲ್ ಹೋಟೆಲಿನ ಲೆಕ್ಕಪತ್ರ ಕೈಗೆತ್ತಿಕೊಂಡು ಅದನ್ನು ಉಳಿಸುತ್ತಾಳೆ. ಯಾವ ಕೆಲಸವನ್ನೂ ಮಾಡದೆ ಓದುವ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತ ಜೀನ್ ಒಬ್ಬಳೇ ವಾಪಸು ಹೊರಡುವವಳು. ಕೆಲಸವಿಲ್ಲದ ನೆಮ್ಮದಿ ಬೇಗ ಹಳಸುತ್ತದೆ ಎಂಬುದನ್ನು ಬೇಸಿಗೆ ರಜೆಯ ಮೂರನೆಯ ವಾರದಲ್ಲಿ ಯಾವ ಟೀಚರನ್ನು ಕೇಳಿದರೂ ಹೇಳುತ್ತಾಳೆ.

ಇನ್ನು ತಕರಾರು. ಚಿಕ್ಕದರಿಂದ ಆರಂಭಿಸುತ್ತೇನೆ. ಅಗ್ಗವೆಂದು ಬಂದವರ ಲೆಕ್ಕವನ್ನು ಸಿನಿಮಾ ಅರ್ಧಕ್ಕೇ ನಿಲ್ಲಿಸಿದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ವರ್ಷ ವರ್ಷವೂ ಏರುತ್ತದೆ. ಪಿಂಚಣಿದಾರರು ಅಮೆರಿಕಕ್ಕೋ ಫಿಲಿಪ್ಪೀನ್ಸಿಗೋ ಹೋದರೂ ಏರುತ್ತದೆ. ಭಾರತಕ್ಕೆ ಬಂದು ನೆಲೆಸಿದರೆ ಮಾತ್ರ ಬಂದ ದಿನದ ಮೊತ್ತದಲ್ಲೇ ನಿಂತುಬಿಡುತ್ತದೆ. ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದವರಿಗೂ ಇದೇ ಗತಿ. 2011-12ರಲ್ಲಿ ಪೂರ್ಣ ಮೂಲ ಪಿಂಚಣಿ ವಾರಕ್ಕೆ 102 ಪೌಂಡು 15 ಪೆನ್ಸ್ ಇತ್ತು; 2025-26ರಲ್ಲಿ 176 ಪೌಂಡು 45 ಪೆನ್ಸ್. ಎವೆಲಿನ್ ನಿಜವಾಗಿಯೂ 2011ರಲ್ಲಿ ಬಂದು ಇಲ್ಲೇ ಉಳಿದಿದ್ದರೆ, ಹದಿನಾಲ್ಕು ವರ್ಷದ ಮೇಲೂ ಅವಳ ಕೈಗೆ ಬರುತ್ತಿದ್ದದ್ದು ಆ 102 ಪೌಂಡೇ. ಜೈಪುರದ ತರಕಾರಿ ಬೆಲೆ ಮಾತ್ರ ಅವಳಿಗಾಗಿ ನಿಲ್ಲುತ್ತಿರಲಿಲ್ಲ. ಸಾಲದ್ದಕ್ಕೆ ನಮ್ಮ ದೇಶದಲ್ಲಿ ನಿವೃತ್ತರಿಗೆಂದೇ ಪ್ರತ್ಯೇಕ ವೀಸಾ ಕೂಡ ಇಲ್ಲ. ಹಾಸ್ಯದ ಸಿನಿಮಾದಲ್ಲಿ ಇದೆಲ್ಲ ಏಕೆ ಎನ್ನಬಹುದು. ಆದರೆ ಹಣವಿಲ್ಲದೆ ದೇಶ ಬಿಟ್ಟವರ ಕಥೆಯಲ್ಲಿ ಹಣದ ಮಾತು ಪೂರ್ತಿ ಬರಬೇಡವೇ?

ದೊಡ್ಡ ತಕರಾರು ಬೇರೆ. ಒಂದು ದೇಶ ಇನ್ನೊಬ್ಬರಿಗೆ ಅಗ್ಗವಾಗುವುದು ಹೇಗೆ? ಅಕ್ಕಿ ಬೇಳೆ ಅಗ್ಗವೆಂದು ಯಾರೂ ಸಮುದ್ರ ದಾಟುವುದಿಲ್ಲ. ವಯಸ್ಸಾದವರಿಗೆ ಬೇಕಾದದ್ದು ಕೈಯಾಳು. ಅಡುಗೆ ಮಾಡುವ, ಬಟ್ಟೆ ಒಗೆಯುವ, ಸ್ನಾನಕ್ಕೆ ನೀರು ಹದ ಮಾಡಿಕೊಡುವ, ರಾತ್ರಿ ಎದ್ದಾಗ ಕೈಹಿಡಿದು ನಡೆಸುವ ಕೈಗಳು. ಅವು ಹೆಚ್ಚಾಗಿ ಹೆಣ್ಣಿನ ಕೈಗಳು. ಆ ಕೈಗಳ ಕೂಲಿ ಕಡಿಮೆಯಿರುವ ದೇಶವೇ ನಿವೃತ್ತರಿಗೆ ಅಗ್ಗದ ದೇಶ. ಅತ್ತ ನೋಡಿದರೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಲ್ಲಿನ ವೃದ್ಧರನ್ನು ನೋಡಿಕೊಳ್ಳುವವರಲ್ಲಿ ನಮ್ಮ ದೇಶದ ಡಾಕ್ಟರುಗಳು, ನರ್ಸುಗಳು ಬೇಕಾದಷ್ಟಿದ್ದಾರೆ. ಕಾದಂಬರಿಯ ರವಿಯೇ ಅಂಥವನೊಬ್ಬ. ಅಲ್ಲಿಯೂ ಸೇವೆ ನಮ್ಮದೇ, ಇಲ್ಲಿಯೂ ನಮ್ಮದೇ. ಈ ವ್ಯಂಗ್ಯವನ್ನು ಮೊಗಾಕ್ ಗುರುತಿಸಿದ್ದರಿಂದಲೇ ಕಾದಂಬರಿಯ ಆರಂಭಕ್ಕೆ ಅಷ್ಟು ಚುರುಕು ಬಂದಿದೆ. ಸಿನಿಮಾ ರವಿಯನ್ನೇ ಕೈಬಿಟ್ಟಿದೆ.

ಹಾಗೆಂದು ಸಿನಿಮಾಕ್ಕೆ ಈ ಸಂಗತಿ ಹೊಳೆದೇ ಇಲ್ಲವೆಂದಲ್ಲ. ಹೋಟೆಲಿನಲ್ಲಿ ಕಸ ಗುಡಿಸುವ ಒಬ್ಬ ಹೆಣ್ಣುಮಗಳಿದ್ದಾಳೆ, ಅಸ್ಪೃಶ್ಯರೆಂದು ದೂರ ಇಡಲಾದ ಸಮುದಾಯದವಳು. ಯಾರೂ ಅವಳತ್ತ ಕಣ್ಣೆತ್ತಿ ನೋಡುವುದಿಲ್ಲ. ಮ್ಯೂರಿಯಲ್ ಒಬ್ಬಳೇ ಅವಳೊಡನೆ ಮಾತಾಡುತ್ತಾಳೆ, ಅದೂ ಗುಡಿಸುವುದು ಸರಿಯಿಲ್ಲವೆಂದು ಹೇಳಲು! ಆ ಬೈಗುಳವನ್ನೇ ಮರ್ಯಾದೆಯೆಂದು ಭಾವಿಸಿದ ಆ ಹುಡುಗಿ ಮ್ಯೂರಿಯಲ್ಲಳನ್ನು ಮನೆಗೆ ಊಟಕ್ಕೆ ಕರೆಯುತ್ತಾಳೆ. ಅಲ್ಲಿ ಕೂತು ಮ್ಯೂರಿಯಲ್ ತನ್ನ ಕಥೆ ಹೇಳಿಕೊಳ್ಳುತ್ತಾಳೆ. ಅವಳೂ ಜೀವಮಾನವಿಡೀ ಇನ್ನೊಬ್ಬರ ಮನೆ ನಡೆಸಿದವಳು, ಅವರ ಮಕ್ಕಳನ್ನು ಸಾಕಿದವಳು. ಕೊನೆಗೆ ತನ್ನ ಜಾಗಕ್ಕೆ ಬರುವವಳಿಗೆ ತಾನೇ ಕೆಲಸ ಕಲಿಸಿಕೊಟ್ಟು ಹೊರಬಿದ್ದವಳು. ಇಡೀ ಸಿನಿಮಾದ ಜೀವ ಇಲ್ಲಿದೆ. ಒಬ್ಬ ಮುದಿ ಕೆಲಸದವಳೆದುರು ಒಬ್ಬ ಎಳೆಯ ಕೆಲಸದವಳು. 2024ರಲ್ಲಿ ತೀರಿಕೊಂಡ ಮ್ಯಾಗಿ ಸ್ಮಿತ್ ಎಂಥ ನಟಿಯೆಂದು ತಿಳಿಯಲು ಈ ದೃಶ್ಯವೊಂದೇ ಸಾಕು.

ಆದರೆ ಇಷ್ಟು ದೂರ ಬಂದ ಸಿನಿಮಾ ಮುಂದಿನ ಒಂದು ಹೆಜ್ಜೆ ಇಡಲಿಲ್ಲ. ಮ್ಯೂರಿಯಲ್ ಪೊರಕೆಯ ಲೋಕದಿಂದ ಮೇಲೆದ್ದು ಹೋಟೆಲಿನ ಮೇಜಿನ ಹಿಂದೆ ಕೂತಳು. ಆ ಹುಡುಗಿ? ಅವಳ ಕೂಲಿ ಏರಿತೇ? ಅವಳ ಸೊಂಟ ಸವೆದಾಗ ಯಾವ ದೇಶಕ್ಕೆ ಹೋಗಬೇಕು? ಅವಳಿಗಿಂತ ಅಗ್ಗದ ದೇಶ ಎಲ್ಲಿದೆ?

ಈ ಕಥೆಯನ್ನು ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಒಂದು ಭಾನುವಾರ ಹೇಳಿದೆ. ಆಕೆಗೂ ನನಗೂ ವಯಸ್ಸಿನಲ್ಲಿ ಎರಡೋ ಮೂರೋ ವರ್ಷದ ಅಂತರ. ಪಾತ್ರೆ ಉಜ್ಜುತ್ತಲೇ ಕೇಳಿ, "ಅಲ್ಲ ಟೀಚರಮ್ಮಾ, ಅಷ್ಟು ಜನ ಮುದುಕರ ಬಟ್ಟೆ ಒಗೆಯೋರು ಯಾರು?" ಎಂದಳು. ಇಂಗ್ಲಿಷ್ ಪತ್ರಿಕೆಗಳ ವಿಮರ್ಶಕರು ಕೇಳಬೇಕಾಗಿದ್ದ ಪ್ರಶ್ನೆ ಇದು. ನನಗೆ ಅರವತ್ತಕ್ಕೆ ನಿವೃತ್ತಿ, ಆಮೇಲೆ ಪಿಂಚಣಿ. ಅವಳಿಗೆ ಅರವತ್ತೈದು ತುಂಬಿದರೆ 'ಸಂಧ್ಯಾ ಸುರಕ್ಷಾ', 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿದ ಮಾಸಾಶನ. ಅಲ್ಲಿಯವರೆಗೆ ಮಂಡಿ ಮಡಿಸಿ ಕೂರಲು ಆದಷ್ಟು ದಿನ ಕೆಲಸ. ಬ್ರಿಟನ್ನಿನವರಿಗೆ ಭಾರತ ಅಗ್ಗವಾದ ಹಾಗೆಯೇ ನನ್ನ ಊರು ನನಗೆ ಅಗ್ಗವಾಗಿರುವುದು ಇಂಥವರಿಂದ. ನಿವೃತ್ತಿಯ ಲೆಕ್ಕ ಬರೆಯುವಾಗ ನಾವು ಹಾಲು, ಔಷಧಿ, ಕರೆಂಟು ಎಂದೆಲ್ಲ ಬರೆಯುತ್ತೇವೆ. ಮನೆಕೆಲಸದ ಸಂಬಳದ ಎದುರು ಮಾತ್ರ ಆದಷ್ಟು ಸಣ್ಣ ಅಂಕಿ ಬರೆಯುತ್ತೇವೆ.

2015ರಲ್ಲಿ ಬಂದ ಎರಡನೆಯ ಭಾಗದಲ್ಲಿ ಮದುವೆ, ಕುಣಿತ, ಹೊಸ ಹೋಟೆಲಿನ ಹುಡುಕಾಟ ಎಲ್ಲವೂ ಇವೆ. ಮ್ಯೂರಿಯಲ್ಲಳಿಗೆ ಡಾಕ್ಟರು ಒಳ್ಳೆಯ ಸುದ್ದಿ ಹೇಳುವುದಿಲ್ಲ. ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ಹಾಸಿಗೆ ಹಿಡಿಯುವ ಮುನ್ನವೇ ಸಿನಿಮಾ ಮುಗಿಯುತ್ತದೆ. ಮೊದಲ ಭಾಗದ ಗ್ರಹಾಂ ಕೂಡ ಕುರ್ಚಿಯಲ್ಲಿ ಕೂತಲ್ಲೇ ಪ್ರಾಣ ಬಿಡುತ್ತಾನೆ. ಅನಾಯಾಸ ಮರಣ ಬೇಡಿದವರಿಗೆಲ್ಲ ಸಿಗುವುದಾದರೆ ಯಾವ ದೇಶವಾದರೂ ಆದೀತು. ಮೂರು ವರ್ಷ ಹಾಸಿಗೆಯಲ್ಲಿ ಮಲಗಿದ ಅತ್ತೆಯನ್ನೋ ತಾಯಿಯನ್ನೋ ನೋಡಿಕೊಂಡ ಹೆಂಗಸರಿಗೆ ಗೊತ್ತು, ಮುಪ್ಪಿನ ನಿಜವಾದ ಖರ್ಚು ಶುರುವಾಗುವುದು ಈ ಸಿನಿಮಾಗಳು ಮುಗಿಯುವ ಜಾಗದಲ್ಲಿ.

ಆದರೂ ಸಿನಿಮಾ ನೋಡಿ ಎಂದೇ ಹೇಳುತ್ತೇನೆ. ಇಂಗ್ಲಿಷ್ ಓದಬಲ್ಲವರು ಕಾದಂಬರಿಯನ್ನು ಮೊದಲು ಓದಿ. ಅದು ಸಿನಿಮಾದಷ್ಟು ಮುದ್ದಾಗಿಲ್ಲ, ಹಾಗಾಗಿಯೇ ಹೆಚ್ಚು ಪ್ರಾಮಾಣಿಕವಾಗಿದೆ. ವಯಸ್ಸಾದ ಮೇಲೂ ಹೊಸ ಊರು, ಹೊಸ ಕೆಲಸ, ಹೊಸ ಸ್ನೇಹ ಸಾಧ್ಯವೆಂಬ ಧೈರ್ಯ ಎರಡರಲ್ಲೂ ಇದೆ. ಆ ಧೈರ್ಯ ನಮಗೆ ಬೇಕು, ಮಕ್ಕಳ ಮನೆಯ ಮೂಲೆಯೇ ನಮ್ಮ ಕೊನೆಯ ವಿಳಾಸವೆಂದು ನಂಬಿದವರಿಗೆ ಇನ್ನೂ ಹೆಚ್ಚಾಗಿ ಬೇಕು. ಜೊತೆಗೆ ಸಿನಿಮಾ ಬಿಟ್ಟುಹೋದ ಹೆಜ್ಜೆಯನ್ನು ನಾವು ನಮ್ಮ ಮನೆಯಲ್ಲಾದರೂ ಇಡಬಹುದು. ನಿವೃತ್ತಿಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಮನೆ ಗುಡಿಸುವವಳ ಮುಪ್ಪಿಗೂ ಒಂದು ಸಾಲು ಬರೆಯೋಣ. ತಿಂಗಳಿಗಿಷ್ಟೆಂದು ಅವಳ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿ ಕಟ್ಟಿದರೆ ನಮ್ಮ ಪಿಂಚಣಿ ಏನೂ ಕರಗಿಹೋಗುವುದಿಲ್ಲ.