ಬಾರ್ಟ್ರಮ್‌ನ ಗಿಡ, ಕ್ವೇಕರರ ಮೌನ

ಮಿಕ್ಕ ಹೂಗಿಡಗಳ ಸಂಭ್ರಮ ಇಳಿದ ಮೇಲೆ, ಆಗಸ್ಟಿನ ಹೊತ್ತಿಗೆ, ಫ್ರಾಂಕ್ಲಿನಿಯಾ ಅರಳುತ್ತದೆ. ಐದು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗೊಂಚಲು. ಚಹಾ ಗಿಡದ ದಾಯಾದಿ ಇದು. ಕತ್ತರಿ ಬೀಳದೆ ಹೂಬಿಟ್ಟ ಚಹಾ ಗಿಡವನ್ನು ನಮ್ಮ ಚಿಕ್ಕಮಗಳೂರಿನ ಕಡೆ ನೋಡಿದವರಿಗೆ ಗುರುತು ಹತ್ತೀತು. ಕಾಯಿ ಬಲಿಯಲು ವರ್ಷದ ಮೇಲಾಗುತ್ತದೆ. ಹಾಗಾಗಿ ಹೊಸ ಹೂವಿನ ಪಕ್ಕದಲ್ಲೇ ಹೋದ ವರ್ಷದ ಕಾಯಿ ಕೂತಿರುತ್ತದೆ.

ಫಿಲಡೆಲ್ಫಿಯಾದ ರೈತ, ಸಸ್ಯಸಂಗ್ರಾಹಕ ಜಾನ್ ಬಾರ್ಟ್ರಮ್ ಮಗ ವಿಲಿಯಮ್ ಜೊತೆ 1765ರಲ್ಲಿ ಜಾರ್ಜಿಯಾದ ಆಲ್ಟಮಹಾ ನದಿಯ ಬಳಿ ಇದನ್ನು ಕಂಡ. ಮುಂದೆ ಬೀಜ ತಂದು ಮನೆತೋಟಕ್ಕೆ ಸೇರಿಸಿದವನು ಮಗ. 1803ರ ನಂತರ ಕಾಡಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಇಂದು ಎಲ್ಲೇ ಇರುವ ಫ್ರಾಂಕ್ಲಿನಿಯಾವೂ ಆ ತೋಟದ ಸಂತತಿ.

ಜಾನ್ ಬಾರ್ಟ್ರಮ್ ಹುಟ್ಟಿ ಬೆಳೆದದ್ದು ಕ್ವೇಕರರೆಂಬ ಕ್ರೈಸ್ತ ಪಂಗಡದವರ ನಡುವೆ. ಅವರ ಹಳೆಯ ಪದ್ಧತಿಯ ಆರಾಧನೆಗೆ ಪಾದ್ರಿಯಿಲ್ಲ, ಹಾಡಿಲ್ಲ. ಬೆಂಚಿನ ಮೇಲೆ ಗಂಟೆಗಟ್ಟಲೆ ಸುಮ್ಮನೆ ಕೂರುವುದು. ಒಳಗಿನಿಂದ ಮಾತು ಒತ್ತಿಕೊಂಡು ಬಂದರೆ ಹೆಂಗಸಾಗಲಿ ಗಂಡಸಾಗಲಿ ಎದ್ದು ಆಡಬಹುದು, ಮತ್ತೆ ಮೌನ. ಕೊನೆಗೆ ಹಿರಿಯರಿಬ್ಬರು ಕೈ ಕುಲುಕಿದರೆ ಮುಗಿಯಿತು. ನಮ್ಮ ಮೌನವ್ರತ ಒಬ್ಬೊಬ್ಬರದು, ಬಾಯಿಗೆ ಹಾಕಿದ ಬೀಗ. ಇವರದು ಎಲ್ಲರೂ ಕೂಡಿ ಹಿಡಿದದ್ದು, ಬಾಗಿಲು ಓರೆ ಮಾಡಿಟ್ಟ ಮೌನ. ಪೂಜಾವಿಧಿಗಳಲ್ಲಿ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ನಂಬಿಕೆ ಇಟ್ಟದ್ದು ನನಗಂತೂ ಬೇರೆ ಕಂಡಿಲ್ಲ.

ಆದರೆ ಆ ಬಾಗಿಲಿಗೂ ಕಾವಲಿತ್ತು. 1738ರಲ್ಲಿ ಬರ್ಲಿಂಗ್ಟನ್‌ನಲ್ಲಿ ನಡೆದ ಕ್ವೇಕರರ ವಾರ್ಷಿಕ ಸಭೆಗೆ ಬೆಂಜಮಿನ್ ಲೇ ಎಂಬ ಕುಳ್ಳ, ಗೂನುಬೆನ್ನಿನ ಕ್ವೇಕರ್ ಬಂದ. ಟೊಳ್ಳು ಮಾಡಿದ ಪುಸ್ತಕದೊಳಗೆ ಪೋಕ್‌ಬೆರಿ ಹಣ್ಣಿನ ಕೆಂಪು ರಸದ ಚೀಲ. ಗುಲಾಮರನ್ನಿಟ್ಟುಕೊಂಡವರನ್ನು ಬೈಯುತ್ತ ಅದಕ್ಕೆ ಕತ್ತಿ ಚುಚ್ಚಿದ. ಸುತ್ತ ಕೂತವರ ಬಟ್ಟೆಗೆಲ್ಲ 'ರಕ್ತ' ಸಿಡಿಯಿತು. ಅವನನ್ನು ಹೊರದಬ್ಬಿದರು. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಅಲ್ಲಿ ಅಕ್ಷರಶಃ ನಿಜವಾಯಿತು. ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ಆ ಸಭೆ ತನ್ನವರಿಗೆ ಕಟ್ಟಪ್ಪಣೆ ಮಾಡಿದ್ದು 1776ರಲ್ಲಿ. ಕಾಯಿ ಬಲಿಯಲು ಕಾಲ ಬೇಕಲ್ಲ ಎಂದು ಸಮರ್ಥಿಸಬಹುದು. ಗಿಡಕ್ಕೆ ಆ ಮಾತು ಸರಿ; ಸರಪಳಿಯಲ್ಲಿದ್ದವನಿಗೆ ಹೇಳಿ ನೋಡಿ.

ಬಾರ್ಟ್ರಮ್‌ನದೂ ಬೇರೆ ಕಥೆಯಲ್ಲ. ಕ್ರಿಸ್ತನ ದೈವತ್ವವನ್ನು ಒಪ್ಪಲಿಲ್ಲವೆಂದು ಡಾರ್ಬಿಯ ಕ್ವೇಕರ್ ಸಭೆ 1758ರಲ್ಲೇ ಅವನನ್ನು ಕೈಬಿಟ್ಟಿತ್ತು. ಆಲ್ಟಮಹಾದ ದಂಡೆಯಲ್ಲಿ ಆ ಬಿಳಿ ಹೂವಿನ ಗಿಡ ಕಂಡಾಗ ಅವನು ಸದಸ್ಯನೇ ಅಲ್ಲ. ಆ ಮೌನದಲ್ಲಿ ಹೋಗಿ ಕೂರುವುದನ್ನು ಮಾತ್ರ ಅವನು ಬಿಡಲಿಲ್ಲ.