ಗಾಜಿನ ಮೇಲಿನ ನೇರಳೆ

ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ಬಂದ ರೋಗಿಯ ಕರುಳಿನ ಗೆಡ್ಡೆ ಮಂಡ್ಯದ ಮಿಮ್ಸ್‌ನಂಥ ಆಸ್ಪತ್ರೆಯ ಪೆಥಾಲಜಿ ಮೇಜಿಗೆ ಬಂದಾಗ ಶುರುವಾಗುವ ಕೈಕೆಲಸಕ್ಕೆ ನಾನು ಮಾರುಹೋಗಿದ್ದೇನೆ. ಮೇಣದಲ್ಲಿ ಕೂರಿಸಿದ ಚೂರನ್ನು 4 ಮೈಕ್ರಾನಿನಷ್ಟು ತೆಳ್ಳಗೆ ಸೀಳಿ, ಬೆಚ್ಚನೆ ನೀರಲ್ಲಿ ತೇಲಿಸಿ, ಸುಕ್ಕಿಲ್ಲದೆ ಗಾಜಿಗೆತ್ತಬೇಕು. ಬಣ್ಣ ಹಾಕಿದರೆ ಕೋಶಕೇಂದ್ರ ನೇರಳೆ, ಉಳಿದದ್ದು ಗುಲಾಬಿ.

ಆಮೇಲೆ ಸೂಕ್ಷ್ಮದರ್ಶಕದಡಿ ಕ್ಯಾನ್ಸರಿನ ಗ್ರೇಡ್ ನಿರ್ಧಾರ. ಗೆಡ್ಡೆಯ ಅರ್ಧದಷ್ಟಾದರೂ ಗ್ರಂಥಿಯ ಆಕಾರ ಉಳಿಸಿಕೊಂಡಿದ್ದರೆ ಕೆಳಗಿನ ಗ್ರೇಡ್, ಇಲ್ಲವಾದರೆ ಮೇಲಿನದು. ಅಂಚಿನ ಎಣಿಕೆ ಇನ್ನೂ ಸೂಕ್ಷ್ಮ: ಗೆಡ್ಡೆಯಿಂದ ಕಳಚಿಕೊಂಡ, ಒಂದರಿಂದ ನಾಲ್ಕು ಕೋಶಗಳ ಮೊಗ್ಗುಗಳು. 0.785 ಚದರ ಮಿಲಿಮೀಟರಿನಲ್ಲಿ ಅಂಥವು 10 ಮುಟ್ಟಿದರೆ ಅಪಾಯ ಹೆಚ್ಚು.

ಗ್ರೇಡೊಂದೇ ಮುಂದಿನದನ್ನು ಹೇಳದು. ಕ್ಯಾನ್ಸರ್ ಎಷ್ಟು ಆಳಕ್ಕಿಳಿದಿದೆ, ದುಗ್ಧರಸ ಗ್ರಂಥಿಗೆ ಹಬ್ಬಿದೆಯೇ ಎಂಬುದಕ್ಕೇ ತೂಕ ಜಾಸ್ತಿ. ಪರೀಕ್ಷೆಗೆ ಕನಿಷ್ಠ 12 ದುಗ್ಧರಸ ಗ್ರಂಥಿಗಳಾದರೂ ಸಿಗಬೇಕು. ಅದಕ್ಕೇ ಪೆಥಾಲಜಿ ವೈದ್ಯೆಯ ಬೆರಳು ಕರುಳಿಗಂಟಿದ ಕೊಬ್ಬಿನಲ್ಲಿ ಮತ್ತೆ ಮತ್ತೆ ತಡಕುತ್ತದೆ, ರಾಗಿಕಾಳಿನಷ್ಟು ಗಂಟಿಗಾಗಿ.