ಗುಹಾಝಿಲ್ಲಿಕೆಯ ಲಕ್ಷಣವಿಚಾರ

ಆಂಗ್ಲಭಾಷೆಯಲ್ಲಿ ‘ಕೇವ್ ಕ್ರಿಕೆಟ್’ ಎನಿಸಿಕೊಳ್ಳುವ ಕೀಟವನ್ನು ಕನ್ನಡಿಸಹೊರಟವರಿಗೆ ‘ಗುಹಾಝಿಲ್ಲಿಕೆ’ ಎಂಬ ಪದವು ತಟ್ಟನೆ ಹೊಳೆಯುವುದು ಸಹಜ. ಅಮರಸಿಂಹನು ಸಿಂಹಾದಿವರ್ಗದಲ್ಲಿ ಹೇಳಿರುವ ಝಿಲ್ಲಿಕಾ, ಚೀರೀ ಎಂಬ ಹೆಸರುಗಳು ಸಿದ್ಧವಾಗಿವೆ. ಅವಕ್ಕೆ ಗುಹೆಯನ್ನು ಸೇರಿಸಿ ಸಮಾಸಮಾಡಿದರೆ ಕಾರ್ಯವು ಮುಗಿಯಿತೆಂದು ತೋರುತ್ತದೆ. ಆದರೆ ಈ ಹೆಸರು ವಸ್ತುವಿಗೆ ಒಪ್ಪುವುದೇ ಎಂಬುದನ್ನು ಪರಾಮರ್ಶಿಸದೆ ಅಂಗೀಕರಿಸುವುದು ಯುಕ್ತವಲ್ಲ.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ನೈಯಾಯಿಕರು ಹೇಳುತ್ತಾರೆ. ಕಪಿಲವರ್ಣವು ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ. ಕೊಂಬು ಎಂದರೆ ಎಮ್ಮೆಯೂ ಒಳಬರುತ್ತದೆ. ಒಂಟಿಗೊರಸು ಎಂದರೆ ಯಾವ ಹಸುವಿಗೂ ಸಲ್ಲದು. ಈ ಒರೆಗಲ್ಲಿನಲ್ಲಿ ನಮ್ಮ ಪದವನ್ನು ತಿಕ್ಕಿ ನೋಡೋಣ.

ಝಿಲ್ಲಿಕೆ, ಚೀರೀ ಎಂಬುವು ಧ್ವನಿಯಿಂದ ಹುಟ್ಟಿದ ಹೆಸರುಗಳು. ನಿಜವಾದ ಝಿಲ್ಲಿಕೆಯ ಗಂಡು ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹಾಡುತ್ತದೆ. ಅದನ್ನು ಕೇಳುವ ಶ್ರವಣೇಂದ್ರಿಯವು ಮುಂಗಾಲಿನಲ್ಲಿದೆ. ಪ್ರಕೃತ ಕೀಟಗಳ ಕುಟುಂಬವಾದ ರಾಫಿಡೋಫೋರಿಡೀಯಲ್ಲಿಯಾದರೋ ರೆಕ್ಕೆಯೂ ಇಲ್ಲ, ಮುಂಗಾಲಿನಲ್ಲಿ ಆ ಕಿವಿಯೂ ಇಲ್ಲ. ಗಾನವಿಲ್ಲದುದನ್ನು ಗಾನದ ಹೆಸರಿನಿಂದ ಕರೆದಂತಾಯಿತು. ಇದು ಸ್ಪಷ್ಟವಾಗಿ ಅಸಂಭವದೋಷ.

ಇನ್ನು ಗುಹಾವಾಸ. ಇದಕ್ಕೆ ಉಳಿದೆರಡು ದೋಷಗಳೂ ತಗಲುತ್ತವೆ. ಇದೇ ಕುಟುಂಬದ ಅನೇಕ ಕೀಟಗಳು ಕಾಡಿನ ಕೊರಡುಗಳ ಕೆಳಗೂ ಮನೆಯ ನೆಲಮಾಳಿಗೆಗಳಲ್ಲಿಯೂ ಇರುವುದರಿಂದ ಅವ್ಯಾಪ್ತಿ. ಬಸ್ತರಿನ ಕೊಟುಮ್ಸರ್ ಗುಹೆಯಲ್ಲಿರುವ ಕೆಂಪಿಯೋಲ ಶಂಕರಿ ಗುಹಾವಾಸಿಯೇ ಆದರೂ ನಿಜವಾದ ಝಿಲ್ಲಿಕೆಗಳ ಬಳಗಕ್ಕೆ ಸೇರಿದ್ದು, ಆದ್ದರಿಂದ ಅತಿವ್ಯಾಪ್ತಿ. ಒಂದೇ ಕುಟುಂಬದೊಳಗೆ ಕುಲಗಳನ್ನು ವಿಂಗಡಿಸುವುದಕ್ಕೂ ಗುಹೆಯು ಸಾಕಾಗದು. ಅಮೆರಿಕದ ಕೆಂಟಕಿ ಪ್ರಾಂತದ ಗುಹೆಗಳಲ್ಲಿ ಹೇಡಿನೀಕಸ್, ಸ್ಯೂಥೋಫಿಲಸ್ ಎಂಬ ಎರಡು ಕುಲಗಳು ಒಟ್ಟಿಗೆ ವಾಸಿಸುತ್ತವೆ. ಮೊದಲನೆಯದು ತೆಳುಮೈಯದು, ಬಹು ನೀಳವಾದ ಕಾಲುಗಳುಳ್ಳದ್ದು. ಎರಡನೆಯದು ದಪ್ಪ ತೊಡೆಗಳ ಗಟ್ಟಿಮೈಯದು.

ಹಾಗಾದರೆ ನಿರ್ದುಷ್ಟವಾದ ಲಕ್ಷಣವಾವುದು? ಅವಯವಗಳನ್ನೇ ಎಣಿಸಬೇಕು. ರೆಕ್ಕೆಯಿಲ್ಲದ ಝಿಲ್ಲಿಕೆಗಳೂ ಉಂಟಾದ್ದರಿಂದ ರೆಕ್ಕೆಯ ಅಭಾವವೊಂದೇ ಸಾಲದು. ಪಾದದ ಗೆಣ್ಣುಗಳನ್ನು ನೋಡಬೇಕು. ಝಿಲ್ಲಿಕೆಯ ಪಾದಕ್ಕೆ ಮೂರು ಗೆಣ್ಣು. ಇವಕ್ಕೆ ನಾಲ್ಕು, ಅವೂ ಪಕ್ಕಗಳಲ್ಲಿ ಚಪ್ಪಟೆ. ಕುಲಭೇದಕ್ಕೆ ನೆತ್ತಿಯನ್ನು ಪರೀಕ್ಷಿಸಬೇಕು: 1902ರಲ್ಲಿ ಅಡೆಲುಂಗನು ಹೆಸರಿಸಿದ ಟ್ಯಾಕಿಸೈನೀಸ್ ಕುಲದಲ್ಲಿ ನೆತ್ತಿಯ ಮುಂಭಾಗದಲ್ಲಿ ಶಂಕುವಿನಾಕಾರದ ಎರಡು ಗುಬುಟುಗಳಿವೆ, ಸ್ಯೂಥೋಫಿಲಸಿನಲ್ಲಿ ಅವಿಲ್ಲ. ಸ್ಯೂಥೋಫಿಲಸನ್ನು ಕುರಿತು ಹಬ್ಬೆಲನು 1936ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಜಾತಿನಿರ್ಣಯಕ್ಕೆ ಗಂಡಿನ ಉದರಾಂತ್ಯದ ಅವಯವಗಳೇ ಮುಖ್ಯ ಪ್ರಮಾಣ. ಮರಿಗಳಲ್ಲಿ ಅವು ಪೂರ್ಣವಾಗಿ ಬೆಳೆದಿರುವುದಿಲ್ಲವಾದ್ದರಿಂದ ಆ ಲಕ್ಷಣಕ್ಕೂ ಎಲ್ಲೆಯುಂಟೆಂಬುದನ್ನು ಮರೆಯಲಾಗದು.

ಇದು ಬರಿಯ ವಾಗ್ವಾದವಲ್ಲ. ಉತ್ತರ ಕೆರೊಲಿನದ ಸಂಶೋಧಕರು ಜನರಿಂದ ಛಾಯಾಚಿತ್ರಗಳನ್ನೂ ಕೀಟಗಳನ್ನೂ ತರಿಸಿ ಪರೀಕ್ಷಿಸಿ, ಅಮೆರಿಕದ ಮನೆಗಳಲ್ಲಿರುವ ಈ ಕೀಟಗಳಲ್ಲಿ ಬಹುಪಾಲು ದೇಶೀಯವಾದ ಸ್ಯೂಥೋಫಿಲಸ್ ಅಲ್ಲ, ಏಷ್ಯದಿಂದ ಬಂದ ಪರದೇಶಿ ಜಾತಿ ಎಂದು 2014ರಲ್ಲಿ ಪ್ರಕಟಿಸಿದರು. ಹೆಬ್ಬೆರಳಿನಷ್ಟು ದೊಡ್ಡ ಪ್ರಾಣಿಯೊಂದು ಸಾಮಾನ್ಯನಾಮದ ಮರೆಯಲ್ಲಿ ಮನೆಮನೆಗೂ ಹೊಕ್ಕಿತು. ಹೆಸರು ಒಂದಾದೊಡನೆ ಕಣ್ಣು ಭೇದವನ್ನು ಹುಡುಕುವುದನ್ನು ನಿಲ್ಲಿಸುತ್ತದೆ.

ಯೋಗಕ್ಕಿಂತ ರೂಢಿಯು ಬಲವತ್ತರವಲ್ಲವೇ, ದರ್ಭೆ ಕೊಯ್ಯದವನನ್ನೂ ನಾವು ಕುಶಲನೆನ್ನುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಸತ್ಯ. ಆದರೆ ಅದು ಶತಮಾನಗಳಿಂದ ರೂಢಿಗೆ ಬಂದ ಪದದ ಮಾತು. ಇಂದು ನಾವೇ ಹೊಸತಾಗಿ ಕಟ್ಟುವ ಪದಕ್ಕೆ ರೂಢಿಯ ಆಶ್ರಯವೆಲ್ಲಿ? ಅಲ್ಲಿ ಯೋಗಾರ್ಥವೇ ಗತಿ, ಅದು ಸುಳ್ಳಾಗಬಾರದು.

ಆದ್ದರಿಂದ ‘ಗೂನುಮಿಡತೆ’ ಎಂಬ ಅಚ್ಚಗನ್ನಡ ಪದವನ್ನು ಸೂಚಿಸುತ್ತೇನೆ. ನೀಳವಾದ ಮೀಸೆಗಳ ಈ ಕೀಟವು ಗಿಡ್ಡ ಮೀಸೆಯ ಹೊಲದ ಮಿಡತೆಯಲ್ಲವೆಂಬುದನ್ನು ಬಲ್ಲೆ. ಆದರೆ ನೆಗೆಯುವುದು ನಿಜ, ಬೆನ್ನು ಗೂನಾಗಿರುವುದೂ ನಿಜ. ಇಲ್ಲದ ಹಾಡನ್ನು ಈ ಹೆಸರು ಆರೋಪಿಸುವುದಿಲ್ಲ. ಇದಕ್ಕಿಂತ ಉತ್ತಮವಾದುದನ್ನು ವಿದ್ವಾಂಸರು ಕಟ್ಟಿದರೆ ಸಂತೋಷದಿಂದ ಒಪ್ಪುವೆನು. ಕಟ್ಟುವ ಮೊದಲು ಪ್ರಾಣಿಯ ಕಾಲ್ಗೆಣ್ಣುಗಳನ್ನೊಮ್ಮೆ ಎಣಿಸಬೇಕೆಂಬುದಷ್ಟೇ ನನ್ನ ಬಿನ್ನಹ.